ಎರಡು ದುಂಡು ಕನ್ನಡಿ

ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ನರ್ಸ್ ಫೈಲು ತೆರೆದು, ಬಸ್ ಚಾಲಕನನ್ನು ಮೂರನೇ ಗುಂಪಿಗೆ ಹಾಕಿದ್ದಾರೆಂದು ಹೇಳಿದಳು.

ಬೆನ್ನುಮೂಳೆಯ ಸಂಧಿವಾತವಿದ್ದ ಮುನ್ನೂರ ಹನ್ನೆರಡು ಮಂದಿಯನ್ನು ಆ ಆಸ್ಪತ್ರೆ ಎರಡು ವರ್ಷ ಗಮನಿಸಿತ್ತು. ಕಾಯಿಲೆಯ ಹೆಸರು ಒಂದೇ, ನಡೆ ಒಂದೇ ಅಲ್ಲ. ರಕ್ತಪರೀಕ್ಷೆಯ ವಿವರ ಮತ್ತು ರೋಗಿಗಳೇ ತುಂಬಿದ ಪ್ರಶ್ನಾವಳಿಯನ್ನು ಕಂಪ್ಯೂಟರಿಗೆ ಕೊಟ್ಟಾಗ ಮೂರು ಗುಂಪುಗಳಾದವು. ಬೆನ್ನು, ಕುತ್ತಿಗೆ ಬಿಗಿದು ಮೂಳೆಗೆ ಮೂಳೆ ಬೆಸೆಯತೊಡಗಿದವರು ಮೊದಲನೆಯದು. ಮಂಡಿ, ಹಿಮ್ಮಡಿ ಊದಿಕೊಂಡವರು ಎರಡನೆಯದು. ನೋವಿದ್ದರೂ ಕೆಲಸ ನಡೆಯುತ್ತಿದ್ದವರು ಮೂರನೆಯದು. ಹೊಸ ಚುಚ್ಚುಮದ್ದು ಮೊದಲ ಗುಂಪಿಗೆ ಮಾತ್ರ.

ಚಾಲಕನಿಗೆ ನಲವತ್ತೊಂದು ವರ್ಷ. ಡಿಪೋದಲ್ಲಿ ಅವನ ಅಡ್ಡಹೆಸರು ಕಂಬ. ಬಾಗಿಲಲ್ಲಿ ಯಾರೋ ಕೆಮ್ಮಿದಾಗ ಅವನು ಸ್ಟೂಲಿನ ಮೇಲೆ ಇಡೀ ಮೈ ತಿರುಗಿಸಿದ. ನರ್ಸ್ ಅದನ್ನು ನೋಡಿದಳು.

"ಮೈ ತಿರುಗಿಸದೆ ಹಿಂದೆ ನೋಡೋಕೆ ಎಷ್ಟು ಕಷ್ಟ ಅಂತ ಕೇಳಿದ್ವಿ. ಹತ್ತಕ್ಕೆ ಸೊನ್ನೆ ಹಾಕಿದೀರಿ."

"ಕಷ್ಟ ಇಲ್ವಲ್ಲ ಸಿಸ್ಟರ್. ಕೊನೇ ಸೀಟಲ್ಲಿ ಯಾರು ತೂಕಡಿಸ್ತಿದಾರೆ ಅನ್ನೋದೂ ಕಾಣುತ್ತೆ ನನಗೆ."

"ಕನ್ನಡೀಲಿ," ಪಕ್ಕದಲ್ಲಿದ್ದ ಹೆಂಡತಿ ಹೇಳಿದಳು. "ಬಸ್ಸಿಗೆ ಎರಡು ದುಂಡು ಕನ್ನಡಿ ಬೇರೆ ಅಂಟಿಸ್ಕೊಂಡಿದಾರೆ. ಮನೇಲಿ ನಾನು ಹಿಂದೆ ನಿಂತ್ರೆ ಇವರ ಪಾಲಿಗೆ ನಾನು ಇಲ್ಲವೇ ಇಲ್ಲ."

"ನೀನು ಸುಮ್ನಿರೇ."

"ಆರು ವರ್ಷದಿಂದ ಸುಮ್ನೇ ಇದೀನಿ."

ಅವನು ಸುಳ್ಳು ಬರೆದಿರಲಿಲ್ಲ. ಹತ್ತೊಂಬತ್ತು ವರ್ಷ ಬಸ್ ಓಡಿಸಿದವನು ಹಿಂದೆ ನೋಡುವುದು ಕನ್ನಡಿಯಲ್ಲೇ. ಕುತ್ತಿಗೆ ತಿರುಗುವುದು ಯಾವಾಗ ನಿಂತಿತೆಂದು ಅವನಿಗೇ ಗೊತ್ತಿರಲಿಲ್ಲ.

ನರ್ಸ್ ಮೇಜಿನ ಖಾನೆಯಿಂದ ಕೋನ ಅಳೆಯುವ ಸಾಧನ ತೆಗೆದಳು. ಆದರೆ ಹತ್ತಿರ ತರಲಿಲ್ಲ.

"ಅಳೆದರೆ ಗುಂಪು ಬದಲಾಗಬಹುದು. ಬೆಸೆದ ಮೂಳೆ ಮತ್ತೆ ಬಿಡಿಸೋಕಾಗಲ್ಲ, ಉಳಿದಿದ್ದನ್ನ ಉಳಿಸಬಹುದು. ಆದರೆ ಡಿಪೋಗೆ ವರ್ಷಾ ವರ್ಷ ಹೋಗೋ ಅರ್ಹತಾ ಪತ್ರಾನೂ ಇದೇ ಫೈಲ್ ನೋಡಿ ಬರೆಯೋದು. ಯೋಚನೆ ಮಾಡಿ ಹೇಳಿ."

ಚಾಲಕ ಎದುರು ಗೋಡೆ ನೋಡಿದ. ಅಲ್ಲಿ ಕೈತೊಳೆಯುವ ತೊಟ್ಟಿ, ನಲ್ಲಿ, ಅರ್ಧ ಸವೆದ ಸೋಪು ಇದ್ದವು. ಭಯವೋ ದುಃಖವೋ ಬರಬಹುದೆಂದು ಕಾದ. ಏನೂ ಬರಲಿಲ್ಲ.

"ಬಸ್ಸನ್ನ ಇನ್ಯಾರಾದ್ರೂ ಓಡಿಸ್ತಾರೆ ರೀ," ಎಂದಳು ಹೆಂಡತಿ. "ಈ ಕತ್ತನ್ನ ಬೇರೆ ಯಾರು ಹೊರ್ತಾರೆ?"

"ಅಳೀರಿ," ಎಂದ.

ನರ್ಸ್ ಅವನ ಭುಜ ಅಲುಗದಂತೆ ಹಿಡಿದು ಕತ್ತು ತಿರುಗಿಸಲು ಹೇಳಿದಳು. ಬಲಕ್ಕೆ ಹದಿನೈದು ಡಿಗ್ರಿ, ಎಡಕ್ಕೆ ಹನ್ನೆರಡು. ಎರಡನ್ನೂ ಮತ್ತೊಮ್ಮೆ ಅಳೆದು ಬರೆದುಕೊಂಡಳು.

"ಕಂಬ ಅಂತ ಸುಮ್ಮನೆ ಕರೀತಿರಲಿಲ್ಲ," ಎಂದ ಚಾಲಕ. ಯಾರೂ ನಗಲಿಲ್ಲ. ಪೆನ್ನು ಕೇಳಿ, ಪ್ರಶ್ನಾವಳಿಯ ಸೊನ್ನೆಯನ್ನು ಹೊಡೆದುಹಾಕಿ ಒಂಬತ್ತು ಬರೆದು ಸಹಿ ಹಾಕಿದ.

ಮೊದಲ ಚುಚ್ಚುಮದ್ದು ಗುರುವಾರ ಬಿತ್ತು. ಮುಂದಿನ ಸೋಮವಾರ ಡಿಪೋ ಅವನನ್ನು ಟಿಕೆಟ್ ಕೌಂಟರಿಗೆ ಹಾಕಿತು. ಅದೇ ದಿನ ಅವನ ಬಸ್ ಹತ್ತಿದ ಹೊಸ ಚಾಲಕ, ಅಡ್ಡ ಬರುತ್ತವೆಂದು ದುಂಡು ಕನ್ನಡಿಗಳೆರಡನ್ನೂ ಕಿತ್ತು ಪೆಟ್ಟಿಗೆಯಲ್ಲಿಟ್ಟ.