ಏಕಾಂತಯ್ಯನವರ ಗೆರೆ

ಮಂಗಮ್ಮ ತನ್ನ ಚಿತ್ರವನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಬಂದಿದ್ದಳು. ಸ್ಟಾಫ್ ರೂಮಿನಲ್ಲಿ ಆಗ ನಾನೊಬ್ಬಳೇ ಇದ್ದೆ.

“ಮಿಸ್, ಇದನ್ನ ನಿಮ್ಮ ಬೀರುವಲ್ಲಿ ಇಟ್ಕೋತೀರಾ? ಶನಿವಾರದವರೆಗೆ ಸಾಕು.”

“ಯಾಕೆ, ಡ್ರಾಯಿಂಗ್ ರೂಮಲ್ಲಿ ಜಾಗ ಇಲ್ವಾ?”

“ಜಾಗ ಐತೆ ಮಿಸ್. ಅಲ್ಲಿಟ್ರೆ ಮೇಷ್ಟ್ರು ಗೆರೆ ಕಟ್ಬಿಡ್ತಾರೆ.”

ಅದು ಅರವತ್ತಮೂರನೆಯ ಇಸವಿ. ಜಯನಗರದ ನಮ್ಮ ಹೈಸ್ಕೂಲಿಗೆ ಆಗಿನ್ನೂ ಕಾಂಪೌಂಡು ಇರಲಿಲ್ಲ. ದನಗಳು ಬಂದು ಕಿಟಕಿಯಲ್ಲಿ ಮೂತಿ ಇಡುತ್ತಿದ್ದವು. ನಾನು ಚರಿತ್ರೆ ಹೇಳಿಕೊಡುತ್ತಿದ್ದೆ. ಡ್ರಾಯಿಂಗ್ ಮೇಷ್ಟ್ರು ಏಕಾಂತಯ್ಯನವರು. ಪ್ರತಿ ವರ್ಷ ಜನವರಿಯಲ್ಲಿ ಬಸವನಗುಡಿಯ ಸಭಾಭವನವೊಂದರಲ್ಲಿ ಹೈಸ್ಕೂಲು ಮಕ್ಕಳ ಚಿತ್ರಪ್ರದರ್ಶನವೂ ಸ್ಪರ್ಧೆಯೂ ನಡೆಯುತ್ತಿದ್ದವು. ಅಲ್ಲಿಗೆ ಹೋಗುವ ಪ್ರತಿಯೊಂದು ಚಿತ್ರಕ್ಕೂ ಏಕಾಂತಯ್ಯನವರು ಹಿಂದಿನ ದಿನ ಕೂತು ಕಪ್ಪು ಇಂಕಿನಲ್ಲಿ ಗೆರೆ ಕಟ್ಟುತ್ತಿದ್ದರು. ಎಲೆ, ಕುಂಡ, ಮೂಗು, ಮೋಡ, ಯಾವುದರ ಅಂಚನ್ನೂ ಬಿಡುತ್ತಿರಲಿಲ್ಲ. ಗೆರೆ ಇಲ್ಲದ ಚಿತ್ರ ತಲೆ ಬಾಚದೆ ಮದುವೆಮನೆಗೆ ಹೋದ ಹುಡುಗಿಯ ಹಾಗೆ, ಎನ್ನುತ್ತಿದ್ದರು. ಮಕ್ಕಳ ಕೆಲಸಕ್ಕೆ ತಾನು ಕೈ ಹಾಕುತ್ತಿದ್ದೇನೆ ಎಂದು ಅವರಿಗೆ ಒಮ್ಮೆಯೂ ಅನ್ನಿಸಿರಲಿಲ್ಲ. ಸ್ಕೂಲಿಗೆ ಹೊರಟ ಮಗುವಿನ ಅಂಗಿಗೆ ಗುಂಡಿ ಹಾಕಿ ಕಳಿಸಿದಂತೆ ಕಳಿಸುತ್ತಿದ್ದರು. ಮಕ್ಕಳೂ ಹಾಗೆಯೇ ತಿಳಿದಿದ್ದರು. ಬೇಡ ಎಂದವಳು ಇವಳೊಬ್ಬಳೇ.

ಬಟ್ಟೆ ಬಿಚ್ಚಿ ತೋರಿಸಿದಳು. ಪುಟ್ಟೇನಹಳ್ಳಿ ಕೆರೆ, ಏರಿ, ಆಚೆ ರಾಗಿ ಹೊಲ. ಯಾವುದಕ್ಕೂ ಅಂಚಿರಲಿಲ್ಲ. ನೀರು ಎಲ್ಲಿ ಮುಗಿಯಿತು, ಏರಿ ಎಲ್ಲಿ ಶುರುವಾಯಿತು ಗೊತ್ತಾಗುತ್ತಿರಲಿಲ್ಲ. ಹೊಲದ ನಡುವೆ ಒಂದು ಬಿಳಿಯ ಮಚ್ಚೆ. ಅದು ಬಡಾವಣೆಯವರು ನೆಟ್ಟ ಸರ್ವೆ ಕಲ್ಲಂತೆ. ಒಂದು ಕೆಂಪು ಮಚ್ಚೆ. ಅದು ಅವಳ ಅವ್ವನ ಸೀರೆಯಂತೆ.

“ನಮ್ಮಜ್ಜಿಗೆ ಕಣ್ಣಲ್ಲಿ ಪೊರೆ ಮಿಸ್. ದಿನಾ ಸಾಯಂಕಾಲ ಏರಿ ಮ್ಯಾಲೆ ಕೂರಿಸ್ಕೊಂಡು, ಏನ್ ಕಾಣ್ತೈತೆ ಹೇಳು ಅಂತ ಕೇಳ್ತಿದ್ದೆ. ಅವಳು ಹೇಳ್ದಂಗೆ ಹಾಕಿದೀನಿ. ಅವಳಿಗೆ ಗೆರೆ ಕಾಣಲ್ಲ.”

ಆರು ಹಾಳೆ ಕೆಟ್ಟು ಇದು ಏಳನೆಯದಂತೆ.

“ಪ್ರೈಜು ಬರ್ದಿದ್ರೂ ಹೋಗ್ಲಿ ಮಿಸ್. ಗೋಡೆ ಮ್ಯಾಲೆ ಹಿಂಗೇ ಇರ್ಬೇಕು.”

ಇಡುತ್ತೇನೆ ಎಂದೆ. ಬೀರುವಿಗೆ ಬೀಗ ಹಾಕಿ ಕೀಲಿಕೈಯನ್ನು ಪರ್ಸಿನಲ್ಲಿ ಹಾಕಿಕೊಂಡೆ.

ಶುಕ್ರವಾರ ಮೂರನೆಯ ಪೀರಿಯಡ್ಡು ಮುಗಿಸಿ ಬಂದಾಗ ಏಕಾಂತಯ್ಯನವರು ಬೀರುವಿನ ಮುಂದೆ ನಿಂತಿದ್ದರು. ಬೆರಳುಗಳಿಗೆ ಆಗಲೇ ಇಂಕು ಮೆತ್ತಿತ್ತು.

“ಹದಿನಾಲ್ಕು ಹೆಸರು ಕಳ್ಸಿದೀನಿ ತಾಯಿ, ಚಿತ್ರ ನೋಡಿದ್ರೆ ಹದಿಮೂರೇ ಇದೆ. ಆ ಪುಟ್ಟೇನಹಳ್ಳಿ ಹುಡುಗೀದು ನಿಮ್ಮ ಹತ್ರ ಇದೆಯಂತಲ್ಲ. ಅವಳ ಕ್ಲಾಸಿನ ಜಯದೇವಿ ಹೇಳಿದ್ಲು.”

ಆ ಹುಡುಗಿಗೆ ಗೆರೆ ಬೇಡವಂತೆ ಎಂದು ಹೇಳಬಹುದಾಗಿತ್ತು. ಹೇಳಿದ್ದರೆ ಅವರು ಯಾಕೆ ಎನ್ನುತ್ತಿದ್ದರು. ನಾನು ಪೊರೆಯ ವಿಷಯ ಹೇಳಬೇಕಾಗುತ್ತಿತ್ತು. ಅವರು ಇನ್ನೇನೋ ಕೇಳುತ್ತಿದ್ದರು. ನನ್ನ ಗಂಡ ತೀರಿಕೊಂಡು ಆಗ ಒಂದೂವರೆ ವರ್ಷವಾಗಿತ್ತು. ಮಾತಾಡುವುದಕ್ಕಿಂತ ಕೇಳಿದ್ದನ್ನು ಕೊಟ್ಟುಬಿಡುವುದು ಸುಲಭವಾಗಿತ್ತು. ಕೀಲಿಕೈ ಕೊಟ್ಟು ನಾಲ್ಕನೆಯ ಪೀರಿಯಡ್ಡಿಗೆ ಹೋದೆ. ಸಾಯಂಕಾಲ ಕೀಲಿಕೈ ನನ್ನ ಮೇಜಿನ ಮೇಲೆ, ಹಾಜರಿ ಪುಸ್ತಕದ ಮೇಲೆ ಇತ್ತು.

ಶನಿವಾರ ಬೆಳಿಗ್ಗೆ ಬಸ್ಸಿನಲ್ಲಿ ಹೊರಟೆವು. ಹುಡುಗಿಯರ ಜೊತೆಗೆ ಒಬ್ಬ ಹೆಂಗಸು ಇರಲಿ ಎಂದು ಹೆಡ್‌ಮಾಸ್ಟರು ನನ್ನನ್ನು ಕಳಿಸಿದ್ದರು. ಏಕಾಂತಯ್ಯನವರು ಮುಂದಿನ ಸೀಟಿನಲ್ಲಿ ಚಿತ್ರಗಳ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ತಿರುವು ಬಂದಾಗಲೆಲ್ಲ ಎರಡು ಕೈಯಲ್ಲೂ ಹಿಡಿದುಕೊಳ್ಳುತ್ತಿದ್ದರು.

ಗುಲಾಬಿ ಕುಂಡ ಬರೆದಿದ್ದ ಜಯದೇವಿ ಹಿಂದಕ್ಕೆ ತಿರುಗಿ ಮಂಗಮ್ಮನನ್ನು ಕೆಣಕಿದಳು. “ಏನೇ ಮಂಗಿ, ಬರೀ ನೀರೇ ಬರ್ದಿದೀಯಂತೆ? ಒಂದು ಮೀನಾದ್ರೂ ಹಾಕ್ಬಾರ್ದಿತ್ತಾ?”

“ಹಾಕಿದೀನಲ್ಲ. ನಿನ್ನಂಗೇ ಬಾಯಿ ಬಿಟ್ಕೊಂಡೈತೆ, ಸರ್ಯಾಗಿ ನೋಡು.”

ಹುಡುಗಿಯರು ನಕ್ಕರು. ನಗು ಮುಗಿದ ಮೇಲೆ ಮಂಗಮ್ಮ ನನ್ನ ಕಡೆ ಬಾಗಿದಳು.

“ನಂದು ತಂದ್ರಾ ಮಿಸ್?”

“ಕಟ್ಟಲ್ಲಿದೆ.”

ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು.

ಸಭಾಭವನದಲ್ಲಿ ಉದ್ದಕ್ಕೆ ಬೆಂಚುಗಳನ್ನು ಹಾಕಿದ್ದರು. ತೀರ್ಪುಗಾರರು ಮೊದಲು ಬೆಂಚಿನ ಮೇಲೆ ಚಿತ್ರಗಳನ್ನು ನೋಡಿ, ಒಪ್ಪಿದವನ್ನು ಗೋಡೆಗೆ ಹಾಕಿಸುವುದು ಅಲ್ಲಿಯ ಕ್ರಮ. ಏಕಾಂತಯ್ಯನವರು ಕಟ್ಟು ಬಿಚ್ಚಿ ಒಂದೊಂದಾಗಿ ಜೋಡಿಸಿದರು. ಮಂಗಮ್ಮನ ಚಿತ್ರ ಒಂಬತ್ತನೆಯದು.

ಕೆರೆಯ ಸುತ್ತ ಹಗ್ಗ ಎಳೆದ ಹಾಗೆ ಗೆರೆ ಬಂದಿತ್ತು. ಬಿಳಿಯ ಮಚ್ಚೆಗೆ ನಾಲ್ಕು ಮೂಲೆ ಮೂಡಿ ಅದು ಕಲ್ಲಾಗಿತ್ತು. ಕೆಂಪು ಮಚ್ಚೆಗೆ ಸೆರಗು, ನೆರಿಗೆ, ಎರಡು ಕಾಲು. ಮೋಡಕ್ಕೂ ಒಂದು ಅಂಚು. ಬಹಳ ಶ್ರದ್ಧೆಯಿಂದ ಮಾಡಿದ ಕೆಲಸ. ಮಂಗಮ್ಮ ಬೆಂಚಿನ ಹತ್ತಿರ ಹೋಗಿ ನೋಡಿದಳು. ಆಮೇಲೆ ಏಕಾಂತಯ್ಯನವರ ಬೆರಳುಗಳನ್ನು ನೋಡಿದಳು. ನನ್ನ ಕಡೆ ನೋಡಲಿಲ್ಲ.

ತೀರ್ಪುಗಾರರು ಅನಂತಪದ್ಮನಾಭ ಎಂಬ ಕಲಾವಿದರು, ಖಾದಿ ಜುಬ್ಬದ ಸಣಕಲು ಮನುಷ್ಯ. ನಮ್ಮ ಸ್ಕೂಲಿನ ಬೆಂಚಿನ ಮುಂದೆ ಸರಸರನೆ ಬಂದವರು ಒಂಬತ್ತನೆಯದರ ಮುಂದೆ ನಿಂತರು. ಕನ್ನಡಕ ತೆಗೆದು ಬಗ್ಗಿದರು.

“ಯಾರದಮ್ಮ ಇದು?”

“ನಂದು ಸಾರ್,” ಎಂದಳು ಮಂಗಮ್ಮ.

“ಬಣ್ಣ ನಿಂದು. ಗೆರೆ ಯಾರದು?”

ಸ್ಪರ್ಧೆಯ ಅರ್ಜಿಯಲ್ಲಿ ಅಚ್ಚು ಹಾಕಿದ್ದರು: ಅಧ್ಯಾಪಕರ ಕೈ ತಾಗಿದ ಚಿತ್ರ ಒಂದು ಕಂಡುಬಂದರೂ ಆ ಶಾಲೆಯ ಎಲ್ಲ ಚಿತ್ರಗಳನ್ನೂ ಹಿಂದಿರುಗಿಸಲಾಗುವುದು. ಅದರ ಕೆಳಗೆ ಏಕಾಂತಯ್ಯನವರು ಪ್ರತಿ ವರ್ಷ ರುಜು ಹಾಕುತ್ತಿದ್ದರು. ಗೆರೆ ಕಟ್ಟುವುದನ್ನು ಅವರು ಕೈ ತಾಗಿಸುವುದು ಎಂದು ಎಣಿಸಿರಲಿಲ್ಲ. ಮಿಕ್ಕ ಹದಿಮೂರು ಚಿತ್ರಗಳಲ್ಲಿ ಗೆರೆಗೂ ಬಣ್ಣಕ್ಕೂ ಜಗಳವಿರಲಿಲ್ಲ, ಅವು ಎಂದಿನಂತೆ ಪಾರಾಗುತ್ತಿದ್ದವು. ಇದೊಂದರಲ್ಲಿ ಎರಡು ಕೈ ಕಾಣುತ್ತಿತ್ತು.

ಅನಂತಪದ್ಮನಾಭ ದನಿ ತಗ್ಗಿಸಿದರು. “ಹೆದರ್ಬೇಡ. ಗೆರೆ ನಿಂದಲ್ಲ ಅಂದ್ರೆ ತಪ್ಪು ನಿಂದಲ್ಲ. ಹಾಳೆ ಕೊಡ್ತೀನಿ, ಇಲ್ಲೇ ಕೂತು ಇದೇ ಕೆರೇನ ಇನ್ನೊಂದ್ಸಲ ಬರಿ, ಗೆರೆ ಇಲ್ದೆ. ಅದನ್ನ ನಾನೇ ನಿಂತು ಗೋಡೆಗೆ ಹಾಕಿಸ್ತೀನಿ. ನಿಮ್ಮ ಸ್ಕೂಲಿನ ಉಳಿದದ್ದೆಲ್ಲ ವಾಪಸ್ಸು ಹೋಗುತ್ತೆ, ಅದಕ್ಕೆ ನೀನೇನು ಮಾಡೋಕಾಗಲ್ಲ.”

ಜಯದೇವಿ ತನ್ನ ಗುಲಾಬಿ ಕುಂಡದ ಪಕ್ಕದಲ್ಲಿ ಜಡೆಯ ತುದಿ ಹಿಡಿದುಕೊಂಡು ನಿಂತಿದ್ದಳು. ಏಕಾಂತಯ್ಯನವರು ಕಟ್ಟಿನ ದಾರವನ್ನು ಬೆರಳಿಗೆ ಸುತ್ತುತ್ತಿದ್ದರು, ಬಿಚ್ಚುತ್ತಿದ್ದರು. ಅವರು ನೆಲ ನೋಡುತ್ತಿದ್ದರು. ಅವರ ಕಿವಿ ಕೆಂಪಾಗಿತ್ತು. ಯಾರಾದರೂ ಏನಾದರೂ ಹೇಳಲಿ ಎಂದು ನಾನು ಕಾದೆ. ಹೇಳಬೇಕಾದವಳು ನಾನು ಎಂದು ಗೊತ್ತಿದ್ದೂ ಕಾದೆ.

“ಗೆರೆ ನಂದೇ ಸಾರ್,” ಎಂದಳು ಮಂಗಮ್ಮ.

“ಸುಳ್ಳು ಹೇಳ್ಬೇಡ.”

“ನಮ್ ಸ್ಕೂಲಲ್ಲಿ ಎಲ್ರೂ ಕಟ್ತೀವಿ ಸಾರ್. ಮೇಷ್ಟ್ರು ಹೇಳ್ಕೊಟ್ಟವ್ರೆ.”

“ಹೌದಾ? ಕಟ್ಟು ನೋಡೋಣ.”

ಹಾಳೆ, ಇಂಕು, ಲೇಖನಿ ಬಂದವು. ಅವಳು ಲಂಗ ಒಟ್ಟು ಮಾಡಿಕೊಂಡು ನೆಲದ ಮೇಲೆ ಕೂತಳು. ಎರಡು ವರ್ಷ ಏಕಾಂತಯ್ಯನವರ ಮೇಜಿನ ಪಕ್ಕದಲ್ಲಿ ಇಂಕಿನ ಬಾಟಲಿ ಹಿಡಿದುಕೊಂಡು ನಿಲ್ಲುತ್ತಿದ್ದವಳು ಅವಳೇ. ಲೇಖನಿ ಇಳಿಯುವಾಗ ದಪ್ಪ, ಏರುವಾಗ ತೆಳು. ಮೂಲೆಗೆ ಬಂದಾಗ ಕೈ ಎತ್ತಿ, ಒಂದು ಉಸಿರು ಬಿಟ್ಟು, ಮತ್ತೆ ಇಡುವುದು. ಮಣಿಕಟ್ಟು ಕೂಡ ಅವರ ಹಾಗೆಯೇ ಹೊರಳುತ್ತಿತ್ತು. ಕೆರೆ ಬಂತು, ಏರಿ ಬಂತು, ನಾಲ್ಕು ಮೂಲೆಯ ಕಲ್ಲು ಬಂತು. ಮೋಡಕ್ಕೂ ಅಂಚು ಹಾಕಿದಳು. ಹದಿನೈದು ನಿಮಿಷ ಹಿಡಿಯಿತು.

ಅನಂತಪದ್ಮನಾಭ ಎರಡನ್ನೂ ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು.

“ಸರಿ. ಗೆರೆ ನಿಂದೇ.” ಕನ್ನಡಕ ಹಾಕಿಕೊಂಡರು. “ಹಾಗಾದ್ರೆ ಇಷ್ಟು ಒಳ್ಳೇ ಚಿತ್ರ ಕೆಡಿಸಿದ್ದೂ ನೀನೇ.”

“ಹೂಂ ಸಾರ್.”

ಅವರು ಚೀಟಿಯಲ್ಲಿ ಏನೋ ಬರೆದು ಮುಂದಿನ ಬೆಂಚಿಗೆ ಹೋದರು.

ಹದಿನಾಲ್ಕು ಚಿತ್ರಗಳೂ ಗೋಡೆಗೆ ಏರಿದವು. ಜಯದೇವಿಯ ಗುಲಾಬಿಗೆ ಮೂರನೆಯ ಬಹುಮಾನ ಬಂತು. ಅವಳು ಅತ್ತಳು, ಆಮೇಲೆ ಮಂಗಮ್ಮನನ್ನು ತಬ್ಬಿಕೊಂಡು ಇನ್ನೊಮ್ಮೆ ಅತ್ತಳು. ಮಂಗಮ್ಮನ ಚಿತ್ರದ ಕೆಳಗೆ ನಂಬರು ಮಾತ್ರ ಇತ್ತು. ಅವಳು ಆ ಗೋಡೆಯ ಕಡೆ ಹೋಗಲಿಲ್ಲ.

ಹೊರಗೆ ಏಕಾಂತಯ್ಯನವರು ಎಲ್ಲರಿಗೂ ಕಡಲೆಕಾಯಿ ಕೊಡಿಸಿದರು. ಮಂಗಮ್ಮನ ಪೊಟ್ಟಣವನ್ನು ತಾವೇ ತಂದುಕೊಟ್ಟರು.

“ಕೈ ಪಳಗಿದೆ ಕಣೇ ನಿಂದು,” ಎಂದರು. ಸ್ವಲ್ಪ ತಡೆದು, “ಆದ್ರೆ ಏರಿ ಇಳಿಯೋ ಕಡೆ ಇನ್ನೊಂಚೂರು ಒತ್ತಬೇಕಿತ್ತು,” ಎಂದರು.

“ಆಗ್ಲಿ ಸಾರ್.”

ಅವಳು ಮಾಡಿದ್ದೇನು ಎಂದು ಅವರಿಗೆ ಎಷ್ಟು ತಿಳಿಯಿತೋ ನನಗೆ ಗೊತ್ತಾಗಲಿಲ್ಲ. ಬಸ್ಸಿನಲ್ಲಿ ಕೂತೊಡನೆ ನಿದ್ದೆ ಹೋದರು.

ಮಂಗಮ್ಮ ನನ್ನ ಪಕ್ಕದಲ್ಲಿ ಕೂತಿದ್ದಳು. ಕಡಲೆಕಾಯಿ ಪೊಟ್ಟಣವನ್ನು ಬಿಚ್ಚಿರಲಿಲ್ಲ. ಸೌತ್ ಎಂಡ್ ದಾಟಿದ ಮೇಲೆ ನಾನು ಹೇಳಿದೆ.

“ಮೇಷ್ಟ್ರು ತಾವಾಗಿ ತಗೊಳ್ಳಲಿಲ್ಲ. ಕೀಲಿಕೈ ಕೊಟ್ಟಿದ್ದು ನಾನು.”

“ಗೊತ್ತು ಮಿಸ್.”

“ಯಾವಾಗ ಗೊತ್ತಾಯ್ತು?”

“ಹೋಗೋವಾಗ್ಲೇ. ಕಟ್ಟಲ್ಲಿದೆ ಅಂದ್ರಿ. ಹಂಗೇ ಇದೆ ಅನ್ಲಿಲ್ಲ.”

ಅವಳ ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಏನಾದರೂ ಹೇಳಬಹುದಾಗಿತ್ತು.

“ಅವರು ಹಾಳೆ ಕೊಡ್ತೀನಿ ಅಂದಾಗ ತಗೋಬಹುದಿತ್ತು ನೀನು,” ಎಂದೆ. “ಗೋಡೆ ಮೇಲೆ ಬರ್ತಿತ್ತು. ನಿನಗೆ ಹೇಗೆ ಬೇಕೋ ಹಾಗೆ.”

ಅವಳು ಮುಂದಿನ ಸೀಟಿನ ಕಡೆ ನೋಡಿದಳು. ಏಕಾಂತಯ್ಯನವರ ತಲೆ ಕಿಟಕಿಯ ಸರಳಿಗೆ ತಗುಲಿ ತಗುಲಿ ಹಿಂದೆ ಬರುತ್ತಿತ್ತು.

“ಆಮ್ಯಾಲೆ ಅವ್ರು ಹೆಂಗ್ ಮಿಸ್ ವಾಪಸ್ ಬರೋರು? ಹದಿಮೂರು ಚಿತ್ರ ಕಟ್ಕೊಂಡು, ನಮ್ ಜೊತೆ ಇದೇ ಬಸ್ಸಲ್ಲಿ?”

ಜಯನಗರ ಬಂತು. ಅಲ್ಲಿಂದ ಅವಳು ಪುಟ್ಟೇನಹಳ್ಳಿಗೆ ನಡೆದು ಹೋಗಬೇಕು. ಮೆಟ್ಟಿಲ ಹತ್ತಿರ ನಿಂತಾಗ ಕೇಳಿದೆ.

“ಎಂಟನೇ ಹಾಳೆ ಬರೀತೀಯಾ?”

“ಬರೀತೀನಿ ಮಿಸ್.”

“ಬೇಕಾದ್ರೆ ನಮ್ಮ ಮನೇಲಿ...”

“ಬ್ಯಾಡಿ ಮಿಸ್,” ಎಂದಳು, ಬಹಳ ಮರ್ಯಾದೆಯಿಂದ. “ನಮ್ಮನೇಲೇ ಇಟ್ಕೋತೀನಿ.”

ಇಳಿದು, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ಜಲ್ಲಿ ಹಾಕಿದ ಹೊಸ ರಸ್ತೆಯನ್ನು ಬಿಟ್ಟು ಪಕ್ಕದ ಮಣ್ಣಿನಲ್ಲಿ ನಡೆದು ಹೋದಳು.