ಹಿತ್ತಾಳೆ ಗುಂಡಿಯ ವೇಸ್ಟ್‌ಕೋಟು

ನೀರು ಸರಬರಾಜು ಕೇಂದ್ರದಲ್ಲಿ ಒತ್ತಡಮಾಪಕಗಳನ್ನು ಪರೀಕ್ಷಿಸುವುದು ಅವಳ ಕೆಲಸ. ಹನ್ನೊಂದು ವರ್ಷಗಳಿಂದ ಅವಳ ಉಡುಪು ಒಂದೇ ಬಗೆಯದು: ಹಿತ್ತಾಳೆ ಗುಂಡಿಗಳ ಕಂದು ವೇಸ್ಟ್‌ಕೋಟು, ಪಾದ ಮುಟ್ಟುವ ದಪ್ಪ ಲಂಗ, ಮೊಣಕಾಲವರೆಗೆ ಲೇಸು ಬಿಗಿದ ಬೂಟು, ಸೊಂಟದ ಚರ್ಮದ ಪಟ್ಟಿಯಿಂದ ತೂಗುವ ಸರಪಳಿ ಗಡಿಯಾರ. ಉಗಿಯಂತ್ರಗಳ ಕಾಲದಿಂದ ಎದ್ದು ಬಂದಂಥ ಈ ಶೈಲಿಗೆ ಸ್ಟೀಮ್‌ಪಂಕ್ ಎನ್ನುತ್ತಾರೆ. ಬೇರೆಯವರು ಯಾವಾಗಲೋ ಒಮ್ಮೆ ತೊಟ್ಟು ಫೋಟೊ ತೆಗೆಸಿಕೊಂಡು ಮಡಿಸಿಡುತ್ತಾರೆ. ಇವಳು ತರಕಾರಿ ತರಲು ಹೋಗುವುದೂ ಅದರಲ್ಲೇ. ಜೇಬಿನ ಅಂಚು ಸವೆದು ಎರಡು ಸಲ ತೇಪೆ ಬಿದ್ದಿತ್ತು.

ಅಪ್ಪನಿಗೆ ಅದು ಕಣ್ಣಿಗೆ ಬಿದ್ದರಾಗುತ್ತಿರಲಿಲ್ಲ. ನಲವತ್ತು ವರ್ಷ ಆಫೀಸಿನವರಿಗೆ ಪ್ಯಾಂಟು, ಷರಟು ಹೊಲಿದ ದರ್ಜಿ ಅವರು. "ಊರಿಗೆಲ್ಲ ಬಟ್ಟೆ ಹೊಲಿದೆ, ಮಗಳು ಮಾತ್ರ ನಾಟಕದವಳ ಹಾಗೆ ತಿರುಗ್ತಾಳೆ," ಎಂದು ಎದುರಿಗೇ ಅನ್ನುತ್ತಿದ್ದರು. ಅವಳು ಮನೆಗೆ ಹೋಗುವುದನ್ನೇ ಕಡಿಮೆ ಮಾಡಿದಳು.

ಆಮೇಲೆ ಅಪ್ಪನಿಗೆ ಮರೆವಿನ ಕಾಯಿಲೆ ಬಂದು ನೆನಪು ಹಿಂಜಿದ ಹತ್ತಿಯಂತಾಯಿತು. ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿದಾಗ ಅಕ್ಕ ಫೋನು ಮಾಡಿದಳು.

"ಬೇಗ ಬಾ. ಆದ್ರೆ ಕೈ ಮುಗೀತೀನಿ, ಆ ವೇಷದಲ್ಲಿ ಬರ್ಬೇಡ. ಅವರ ಜೀವಕ್ಕೆ ನೆಮ್ಮದಿ ಇರ್ಲಿ."

ಅವಳು ಅಕ್ಕನದೇ ಒಂದು ತಿಳಿನೀಲಿ ಸಲ್ವಾರ್ ತೊಟ್ಟು ಹೋದಳು. ಭುಜದ ಹತ್ತಿರ ಸಡಿಲವಾಗಿ, ಯಾರದೋ ಮನೆಯಲ್ಲಿ ನಿಂತಂತೆ ಅನಿಸಿತು. ಅಪ್ಪ ಅವಳನ್ನು ದಿಟ್ಟಿಸಿ ನೋಡಿ, "ನರ್ಸಮ್ಮ, ಕಿಟಕಿ ಮುಚ್ಚಿ," ಎಂದರು. ಮೂರು ದಿನವೂ ಅದೇ ಕಥೆ. ಅಕ್ಕನನ್ನಾದರೂ ತಮ್ಮ ಅಮ್ಮ ಎಂದುಕೊಂಡು ಕೈ ಹಿಡಿಯುತ್ತಿದ್ದರು. ಅವಳಿಗೆ ಅಷ್ಟೂ ಇಲ್ಲ.

ನಾಲ್ಕನೆಯ ದಿನ ಕೇಂದ್ರದಲ್ಲಿ ಪಂಪು ಕೈಕೊಟ್ಟಿತು. ಬಟ್ಟೆ ಬದಲಿಸಲು ಪುರುಸೊತ್ತಾಗದೆ, ಕೆಲಸ ಮುಗಿದದ್ದೇ ಹಾಗೇ ಆಸ್ಪತ್ರೆಗೆ ಓಡಿದಳು. ಬಾಗಿಲಲ್ಲೇ ಅಕ್ಕನ ಮುಖ ಬಿಗಿಯಿತು.

ಅಪ್ಪ ತಲೆ ಎತ್ತಿದರು. ಬೂಟಿನಿಂದ ಕುತ್ತಿಗೆಯವರೆಗೆ ನಿಧಾನವಾಗಿ ನೋಡಿದರು. ಹುಬ್ಬು ಗಂಟಿಕ್ಕಿತು.

"ಇನ್ನೂ ಬಿಟ್ಟಿಲ್ವೇನೇ ಇದನ್ನ?"

"ಇಲ್ಲಪ್ಪ."

"ಹತ್ರ ಬಾ." ಅವರ ಬೆರಳುಗಳು ವೇಸ್ಟ್‌ಕೋಟಿನ ಗುಂಡಿಯನ್ನು ಹಿಡಿದು, ಕಾಜದ ಅಂಚನ್ನು ಸವರಿದವು. "ಯಾರು ಹಾಕಿದ್ದು ಈ ಕಾಜ?"

"ನಾನೇ."

"ಅದಕ್ಕೇ ದಾರ ಬಿಟ್ಟಿದೆ. ಹೊಲಿಗೆ ಒತ್ತಾಗಿ ಬರ್ಬೇಕು. ಎಷ್ಟು ಸಲ ಹೇಳಿದೀನಿ? ಪೆದ್ದಿ!"

ಪೆದ್ದಿ ಎಂದು ಅವರು ಕರೆಯುತ್ತಿದ್ದದ್ದು ಪ್ರಪಂಚದಲ್ಲಿ ಒಬ್ಬಳನ್ನು ಮಾತ್ರ. ಮಂಚದ ಆ ಬದಿಯಲ್ಲಿ ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯದಂತೆ ನಿಂತಿದ್ದಳು. ಅಪ್ಪ ಬೈಯುತ್ತ ಬೈಯುತ್ತಲೇ ಗುಂಡಿ ಹಿಡಿದು ನಿದ್ದೆಹೋದರು. ಅವಳು ಒಂದು ಗಂಟೆ ಬಾಗಿಯೇ ನಿಂತಳು.

ಮತ್ತೆ ಅವರು ಯಾರನ್ನೂ ಗುರುತಿಸಲಿಲ್ಲ. ವಾರದೊಳಗೆ ತೀರಿಕೊಂಡರು. ಅಂತ್ಯಕ್ರಿಯೆಗೆ ಅವಳು ತನ್ನ ಬಟ್ಟೆಯಲ್ಲೇ ಬಂದಳು. ನೆಂಟರ ಪಿಸುಪಿಸು ಅಕ್ಕನ ಕಿವಿಗೂ ಬಿತ್ತು; ಅವಳು ಬಂದು ತಂಗಿಯ ಪಕ್ಕದಲ್ಲೇ ನಿಂತಳು.

ಎಲ್ಲರೂ ಹೋದ ಮೇಲೆ ಇಬ್ಬರೂ ಮೆಟ್ಟಿಲ ಮೇಲೆ ಕುಳಿತರು. ಅಕ್ಕ ಅವಳ ಬೂಟುಗಳನ್ನೇ ನೋಡುತ್ತಿದ್ದಳು.

"ದಿನವಿಡೀ ಹಾಕ್ಕೊಂಡ್ರೆ ಕಾಲು ನೋಯಲ್ವೇನೇ?"

"ಸಂಜೆ ಹೊತ್ತಿಗೆ ಸ್ವಲ್ಪ," ಎಂದು ಅವಳು ಲೇಸು ಸಡಿಲಿಸತೊಡಗಿದಳು.