ಏಕವಚನ

ಕ್ಲಿಕ್ — ಬಕಲ್ ಕೂತಿತು, ಎಷ್ಟು ಚೆನ್ನಾಗಿ ಕೂತಿತಪ್ಪ, ಭಾವನ ಸೊಂಟಕ್ಕೇ ಅಳತೆ ಕೊಟ್ಟು ಹೊಲಿಸಿದ ಹಾಗೆ, ಅಕ್ಕ ಹೇಳುತ್ತಿರುತ್ತಾಳಲ್ಲ, ಇವರಿಗೆ ಏನು ಹಾಕಿದ್ರೂ ಒಪ್ಪುತ್ತೆ ಕಣೋ ಅಂತ, ಒಪ್ಪಲಿ, ಆದರೆ ಇದು ಅಂಗಿಯಲ್ಲ, ಸೊಂಟದ ಚೀಲ, ಹೊಳೆಗಿಳಿದು ನೀರು ಸೊಂಟಕ್ಕೆ ಬಂತೆಂದರೆ ಮೊದಲು ಮುಳುಗುವುದು ಇದೇ, ಒಳಗಿನ ಹುಸಿ ನೊಣಗಳೆಲ್ಲ ನೆನೆದು ತೊಪ್ಪೆ — ಗಾಳದ ಕೊಕ್ಕೆಗೆ ಗರಿ, ನೂಲು ಸುತ್ತಿ ಅಪ್ಪ ಒಂದೊಂದಾಗಿ ಕಟ್ಟಿದ ನೊಣಗಳು, ನಲವತ್ತು ವರ್ಷ ವಾಚ್ ರಿಪೇರಿ ಮಾಡಿದ ಕೈಯಲ್ಲವೇ, ಮೀನಿರಲಿ, ನಿಜವಾದ ನೊಣವೇ ಮೋಸಹೋಗಬೇಕು — ಅದು ಬೇಡ ಭಾವ, ನೆನೆಯುತ್ತೆ, ಎಂದು ಅವನು ಹೇಳಲಿಲ್ಲ, ತಾನೇಕೆ ಹೇಳಬೇಕು, ಇಷ್ಟಕ್ಕೂ ಭಾವನನ್ನು ಇಲ್ಲಿಗೆ ಕರೆದವರು ಯಾರು. ನಿನ್ನೆ ಫೋನಿನಲ್ಲಿ ಅಪ್ಪ ಹೇಳಿದ್ದು ಇಷ್ಟೇ, ಬಾ, ಚೀಲ ಆರಿಸೋಣ, ಈ ಸಲ ಇಬ್ಬರ ಸಾಮಾನೂ ಒಬ್ಬರೇ ಹೊರಬೇಕು, ನನ್ನ ಮಂಡಿ ಕೈ ಕೊಟ್ಟಿದೆ, ಜೊತೆಗೆ ಒಬ್ಬರು ಇದ್ರೆ ಸಾಕು — ಮಂಡಿ ಹೇಗಪ್ಪ ಕೈ ಕೊಡುತ್ತೆ ಎಂದು ಅವನು ನಕ್ಕಿದ್ದ, ಒಬ್ಬರು ಎಂದರೆ ಇನ್ಯಾರು, ಮಗ ತಾನೇ, ಹಾಗೆಂದುಕೊಂಡು ತಾನು ಕಟ್ಟುಹಲ್ಲು ಮಾಡುವ ಲ್ಯಾಬಿನಲ್ಲಿ ಒಂದು ಮೇಲ್ದವಡೆಯ ಸೆಟ್ಟನ್ನು ಅರ್ಧಕ್ಕೇ ಬಿಟ್ಟು, ಯಾರೋ ಪಾಪ ಇವತ್ತೂ ಬೊಚ್ಚುಬಾಯಲ್ಲಿರಲಿ ಎಂದು ಓಡಿಬಂದರೆ, ಗಾಳದ ಅಂಗಡಿಯಲ್ಲಿ ಭಾವ ಆಗಲೇ ಅಪ್ಪನ ಪಕ್ಕ ಹಲ್ಲು ಕಿರಿಯುತ್ತ ನಿಂತಿದ್ದ, ಅದೂ ಸ್ವಂತ ಹಲ್ಲು, ಮೂವತ್ತೆರಡೂ ನೆಟ್ಟಗಿವೆ.

ಅಂಗಡಿಯಾಕೆ ಈಗ ಎದೆಗೆ ಕಟ್ಟುವ ಚೀಲ ತಂದಿದ್ದಾಳೆ, ಇದ್ರಲ್ಲಿ ಎಲ್ಲಾ ಕೈಗೇ ಸಿಗುತ್ತೆ ಸರ್, ಯಾರನ್ನೂ ಕೇಳ್ಬೇಕಾಗಿಲ್ಲ — ಯಾರನ್ನೂ ಕೇಳದೆ ಇರುವುದರಲ್ಲಿ ಏನು ಸುಖ, ತಾಯಿ, ಎದೆಯ ಮೇಲೆ ಅಷ್ಟುದ್ದ ಚೀಲವಿದ್ದರೆ ತನ್ನ ಕಾಲು ತನಗೇ ಕಾಣದು, ಪಾಚಿಗಲ್ಲಿನ ಮೇಲೆ ಕಣ್ಣು ಮುಚ್ಚಿ ನಡೆದ ಹಾಗೆ. ಬೇಕಾದ್ದು ಬೆನ್ನಿನ ಚೀಲ, ಎತ್ತರದಲ್ಲಿ, ರೆಕ್ಕೆಮೂಳೆಗಳ ನಡುವೆ ಕೂರುವಂಥದ್ದು, ಭಾರ ಎರಡು ಹೆಗಲಿಗೂ ಸಮ, ನೀರು ತಾಗುವುದಿಲ್ಲ, ಕೊರತೆ ಒಂದೇ, ಹಾಕಿಕೊಂಡವನ ಕೈಗೆ ಅದು ಎಟುಕದು, ನಡುನೀರಿನಲ್ಲಿ ಇಳಿಸಿಡಲು ಜಾಗವಿಲ್ಲ, ಜೊತೆಗಾರನೇ ಬಂದು ಜಿಪ್ ಎಳೆದು ನೊಣದ ಡಬ್ಬಿ ತೆಗೆಯಬೇಕು — ಕೊರತೆಯಂತೆ, ಹನ್ನೆರಡನೇ ವಯಸ್ಸಿನಿಂದ ಅವನು ಹೊಳೆಗೆ ಇಳಿದದ್ದೇ ಆ ಕೊರತೆಗಾಗಿ, ಅಪ್ಪ ನೀರಿನಲ್ಲಿ ಮಾತಾಡುವವರಲ್ಲ, ದಿನವಿಡೀ ಒಂದೇ ಮಾತು, ತಿರುಗು, ಅವನು ಬೆನ್ನು ಕೊಡುತ್ತಿದ್ದ, ಜಿಪ್ ಸರ್ರೆನ್ನುತ್ತಿತ್ತು, ಕತ್ತಿನ ಹಿಂದೆ ಅಪ್ಪನ ಉಸಿರು, ಮುದ್ದು ಮಾಡಿದ ಅಪ್ಪನಲ್ಲ, ಭೇಷ್ ಎಂದವರೂ ಅಲ್ಲ, ಆದರೆ ಜಿಪ್ ಮುಚ್ಚಿದ ಮೇಲೆ ಆ ಅಂಗೈ ಒಂದು ಗಳಿಗೆ ಬೆನ್ನ ಮೇಲೆಯೇ ಇರುತ್ತಿತ್ತು, ಅಷ್ಟೇ, ಅವನಿಗೆ ಅಷ್ಟು ಸಾಕಾಗಿತ್ತು.

ಮಂಡಿ ಹೇಗಿದೆ ಮಾವ, ಕೂತ್ಕೊಳ್ಳಿ, ಎಂದು ಭಾವ ಸ್ಟೂಲು ಎಳೆದು ಕೊಟ್ಟ, ಅಪ್ಪ ಕೂತರು, ಹೇಳಿದ ಮಾತು ಕೇಳುವ ಮಗುವಿನ ಹಾಗೆ, ತಾನು ಹೇಳಿದ್ದರೆ ನಂಗೇನಾಗಿದೆ ಸುಮ್ನಿರೋ ಎನ್ನುತ್ತಿದ್ದರು — ಭಾವನದು ಫಿಸಿಯೋ ಕೆಲಸ, ಮೂರು ತಿಂಗಳಿಂದ ದಿನಾ ಬೆಳಿಗ್ಗೆ ಅಪ್ಪನ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಮಡಿಸುವುದು, ಚಾಚುವುದು, ಅಕ್ಕ ಅದರ ಫೋಟೊ ಬೇರೆ ಕಳಿಸಿದ್ದಳು, ನೋಡೋ ಹೇಗೆ ನೋಡ್ಕೋತಾರೆ ಅಂತ, ನೋಡಿದ, ಹೊಟ್ಟೆ ಉರಿಯಿತು, ಹೌದು, ಉರಿಯಿತು, ಅಪ್ಪನ ಕಾಲಿಗಾಗಿ ಅಸೂಯೆಪಡುವ ಮಗ ಎಲ್ಲಾದರೂ ಉಂಟೇ, ಇಲ್ಲಿದ್ದಾನೆ. ಸಮಾಧಾನ ಒಂದೇ ಒಂದು, ಮದುವೆಯಾದ ಹನ್ನೊಂದು ವರ್ಷವೂ ಅಪ್ಪ ಭಾವನನ್ನು ಬಹುವಚನದಲ್ಲೇ ಇಟ್ಟಿದ್ದಾರೆ, ಬನ್ನಿ, ಹೋಗಿ, ಲೋ, ಅಳಿಯಂದ್ರಿಗೆ ಫ್ಯಾನ್ ಹಾಕೋ, ಹಾಕಿದ್ದಾನೆ ಅವನು, ಖುಷಿಯಿಂದ ಹಾಕಿದ್ದಾನೆ, ಮರ್ಯಾದೆ ಹೊರಗಿನವರಿಗೆ, ಬೈಗುಳ ಮನೆಯವರಿಗೆ, ಎಷ್ಟು ಬೇಕಾದರೂ ಮರ್ಯಾದೆ ತಗೊಳ್ಳಿ ಭಾವ, ಲೋ ಎನ್ನಿಸಿಕೊಳ್ಳುವವನು ಮಾತ್ರ ನಾನೊಬ್ಬನೇ. ಹೊಳೆಯಲ್ಲಿ ಅಪ್ಪನ ಎದುರು ಬೆನ್ನು ಕೊಟ್ಟು ನಿಲ್ಲುವವನೂ.

ಕೊನೆಗೆ ಬಂತು ಬೆನ್ನಿನ ಚೀಲ, ಎರಡು, ಬೂದಿ ಬಣ್ಣದ್ದು ಭಾವನಿಗೆ, ಹಸಿರು ಅವನಿಗೆ, ಒಳಗೆ ತೂಕಕ್ಕೆಂದು ಮರಳಿನ ಪೊಟ್ಟಣ, ಪಟ್ಟಿ ಬಿಗಿಸಿದ, ಆಹಾ, ಹೆಗಲಿಗೆ ಹೂವಿನ ಹಾಗೆ, ಇದೇ ಇದೇ — ಅಪ್ಪ ಎದ್ದರು, ಮಂಡಿ ಲಟಕ್ಕೆಂದಿತು, ತಿರುಗು, ಎಂದರು. ತಿರುಗಿದ. ಕ್ಷಣವೂ ತಡಮಾಡಲಿಲ್ಲ, ಗೋಡೆಗೆ ಒರಗಿಸಿದ ಗಾಳದ ಕೋಲುಗಳ ಕಡೆ ಮುಖ ಮಾಡಿ, ಭುಜ ಸ್ವಲ್ಪ ತಗ್ಗಿಸಿ, ಅಪ್ಪನಿಗೆ ಎಟುಕಲಿ ಎಂದು, ಕಾದ. ಜಿಪ್ ಸರ್ರೆಂದಿತು. ಎಡಗಡೆಯಿಂದ, ಎರಡಡಿ ದೂರದಿಂದ, ಅವನ ಬೆನ್ನು ಅಲ್ಲಾಡಲೇ ಇಲ್ಲ. ಚೆನ್ನಾಗಿದೆ ಕಣೋ, ಕೈ ಸಲೀಸಾಗಿ ಹೋಗುತ್ತೆ, ಎಂದರು ಅಪ್ಪ, ಯಾರಿಗೆ ಕಣೋ, ಯಾರಿಗೆ — ತಿರುಗಿ ಅಂದರೇನೋ, ತನಗೇ ತಪ್ಪಾಗಿ ಕೇಳಿಸಿತೇನೋ, ಗಿ ಇರಬಹುದು, ಇಲ್ಲ, ಗು, ಗು ಎಂದೇ ಅಂದದ್ದು, ಸರ್, ನಿಮ್ದೂ ನೋಡ್ಲಾ ಎಂದು ಅಂಗಡಿಯಾಕೆ ಕೇಳುತ್ತಿದ್ದಾಳೆ, ಪರವಾಗಿಲ್ಲ ಬಿಡಿ, ಎಂದ, ಕೋಲುಗಳನ್ನು ಎಣಿಸುವವನ ಹಾಗೆ ನಿಂತ, ಒಂದು, ಎರಡು, ಹಿಂದೆ ಜಿಪ್ ಮುಚ್ಚಿತು, ಈಗ ಅಂಗೈ, ನೋಡಬೇಕಾಗಿಲ್ಲ, ಎಷ್ಟು ಹೊತ್ತು ಇರುತ್ತದೆಂದು ಬೆನ್ನಿಗೆ ಗೊತ್ತು, ಈಗ ತೆಗೆಯುತ್ತಾರೆ, ಈಗ, ಇನ್ನೂ ತೆಗೆದಿಲ್ಲ — ಭಾವನ ಬೆನ್ನ ಮೇಲೆ ಆ ಅಂಗೈ, ಇನ್ನೂ, ಆ ಅಂಗೈ